ನಿಂತ ಕಾಲಿನ ಅಳತೆ

ಮೇ ೧೮

ತಮ್ಮಾ,

ಪತ್ರದ ನೆತ್ತಿಯ ಮೇಲೆ ಆಶೀರ್ವಾದ ಎಂದು ಬರೆಯುವುದು ರೂಢಿ. ಬರೆಯಹೋದೆ, ಕೈ ಏಳಲಿಲ್ಲ. ಅಪ್ಪ ಸತ್ತಾಗ ನೀನು ಬರದೆ ನಿನ್ನ ಮ್ಯಾನೇಜರನ್ನು ಕಳಿಸಿದೆಯಲ್ಲ, ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಈಗ ಆಶೀರ್ವಾದದಿಂದ ಶುರು ಮಾಡಿದರೆ ಇಬ್ಬರಿಗೂ ನಗು ಬಂದೀತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನೆ ನಿನ್ನ ಸೇವಾಸಂಸ್ಥೆಯ ವ್ಯಾನು ನಮ್ಮ ಬೀದಿಗೆ ಬಂದಿತ್ತು. ಅಪ್ಪನ ಅಂಗಡಿಯ ಗೋಡೆಗೇ, ನನ್ನನ್ನೊಂದು ಮಾತು ಕೇಳದೆ, ಆಳೆತ್ತರದ ಪೋಸ್ಟರ್ ಅಂಟಿಸಿ ಹೋದರು. ಅದರಲ್ಲಿ ನೀನು ನಗುತ್ತಿದ್ದೀಯ. ಕೆಳಗೆ ‘ಬರಿಗಾಲಿಲ್ಲದ ಊರು’ ಎಂದು ಬರೆದಿದೆ. ಶಾಲೆ ತೆರೆಯುವ ದಿನ ಇಲ್ಲಿನ ಎಲ್ಲ ಮಕ್ಕಳಿಗೂ ಉಚಿತವಾಗಿ ಶೂ ಕೊಡುತ್ತೀಯಂತೆ. ಹಲ್ಲು ಚೆನ್ನಾಗಿ ಕಟ್ಟಿಸಿಕೊಂಡಿದ್ದೀಯ.

ಈ ಬೀದಿ ಯಾವುದರಿಂದ ಬದುಕುತ್ತದೆ ಎಂಬುದು ನಿನಗೆ ಮರೆತಿರಲಾರದು. ನಿನ್ನ ಕಾರ್ಖಾನೆಯ ಅಗ್ಗದ ಶೂ ಪೇಟೆಗೆ ಬಂದ ಮೇಲೆ ದೊಡ್ಡವರು ನಮ್ಮ ಬಾಗಿಲಿಗೆ ಬರುವುದು ನಿಂತಿತು. ಅರ್ಧ ಅಂಗಡಿಗಳು ಮುಚ್ಚಿದವು. ಉಳಿದವರನ್ನು ಉಳಿಸಿದವರು ಮಕ್ಕಳು. ಬೆಳೆಯುವ ಕಾಲಿಗೆ ಅಳತೆಯ ಜೋಡೇ ಸರಿ ಎಂದು ತಾಯಂದಿರು ಇನ್ನೂ ನಂಬುತ್ತಾರೆ. ಶಾಲೆ ತೆರೆಯುವ ಮುಂಚಿನ ಕೆಲವು ವಾರ ನಾವು ದುಡಿದದ್ದನ್ನೇ ಉಳಿದ ವರ್ಷ ಎಳೆದಾಡಿಕೊಂಡು ತಿನ್ನುತ್ತೇವೆ. ಈಗಲೂ ಮಕ್ಕಳು ಬಂದು ಕಾಗದದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ, ಪೆನ್ಸಿಲು ಪಾದದ ಒಳಬದಿಗೆ ತಾಗಿದಾಗ ಕಚಗುಳಿಯಾಗಿ ಕಿಲಕಿಲ ಎನ್ನುತ್ತಾರೆ. ಅಪ್ಪ ಹೇಳುತ್ತಿದ್ದ ಮಾತು ನೆನಪಿದೆಯೇ? “ಕೂತ ಕಾಲು ಸುಳ್ಳು ಹೇಳುತ್ತೆ ಕಣೋ. ನಿಂತ ಕಾಲು ಮಾತ್ರ ನಿಜ ಹೇಳೋದು.” ಮೈಯ ಭಾರ ಬಿದ್ದಾಗಲೇ ಪಾದ ಹರಡುವುದು. ಕುರ್ಚಿಯ ಮೇಲೆ ಕೂತು ಅಳತೆ ಕೊಟ್ಟ ದೊಡ್ಡಮನುಷ್ಯರೆಲ್ಲ ವಾರದೊಳಗೆ ಬೊಬ್ಬೆ ಎದ್ದ ಕಾಲು ಎಳೆದುಕೊಂಡು ವಾಪಸು ಬರುತ್ತಿದ್ದರು.

ಕೊಡಬೇಡ ಎನ್ನುತ್ತಿಲ್ಲ. ಕೊಡು. ಆದರೆ ಈ ಊರಿನ ಮಕ್ಕಳ ಜೋಡನ್ನು ಈ ಬೀದಿಯಿಂದ ಮಾಡಿಸಿ ಕೊಡು. ನಿನ್ನ ಹೆಸರೂ ಉಳಿಯುತ್ತದೆ, ನಮ್ಮ ಹೊಟ್ಟೆಯೂ ತುಂಬುತ್ತದೆ. ನನಗಾಗಿ ಏನನ್ನೂ ಕೇಳುತ್ತಿಲ್ಲ ಎಂಬುದನ್ನು ಗಮನಿಸು.

ಇಂತಿ,
ನಿನ್ನ ಬಲಗಾಲಿಗೆ ಅಪ್ಪ ಆ ಎತ್ತರದ ಜೋಡು ಮಾಡಿಕೊಡುವವರೆಗೆ ನಿನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು,
ಅಕ್ಕ


ಜೂನ್ ೨

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ನಮ್ಮ ಅಧ್ಯಕ್ಷರ ಸೇವಾಕಾರ್ಯದ ಬಗ್ಗೆ ತಾವು ತೋರಿರುವ ಅಭಿಮಾನಕ್ಕೆ ಆಭಾರಿಗಳಾಗಿದ್ದೇವೆ.

ಪಾದರಕ್ಷೆಗಳು ಸಂಸ್ಥೆಯ ಸ್ವಂತ ಕಾರ್ಖಾನೆಯಿಂದಲೇ ಪೂರೈಕೆಯಾಗುವುದರಿಂದ ಹೊರಗಿನವರಿಂದ ಖರೀದಿಸಲು ಅವಕಾಶವಿರುವುದಿಲ್ಲ. ಆದಾಗ್ಯೂ ವಯಸ್ಸಾದ ಕುಶಲಕರ್ಮಿಗಳಿಗಾಗಿ ಉಚಿತ ಕನ್ನಡಕ ವಿತರಣೆಯ ಯೋಜನೆಯೊಂದು ಪರಿಶೀಲನೆಯಲ್ಲಿದ್ದು, ತಮ್ಮ ಹೆಸರನ್ನು ಅದಕ್ಕೆ ಸೇರಿಸಿಕೊಳ್ಳಲಾಗಿದೆ.

ಅಧ್ಯಕ್ಷರಿಗೂ ತಮಗೂ ರಕ್ತಸಂಬಂಧ ಇರುವುದಾಗಿ ಬರೆದಿದ್ದೀರಿ. ಇಂಥ ಪತ್ರಗಳು ನಮಗೆ ಬಹಳಷ್ಟು ಬರುತ್ತಿರುತ್ತವೆ ಎಂಬುದನ್ನು ವಿನಯಪೂರ್ವಕವಾಗಿ ತಿಳಿಸಬಯಸುತ್ತೇವೆ.

ತಮ್ಮ ವಿಶ್ವಾಸಿ,
ಅಧ್ಯಕ್ಷರ ಪರವಾಗಿ, ಸಂಪರ್ಕಾಧಿಕಾರಿ


ಜೂನ್ ೨೬

ತಮ್ಮಾ,

ಈ ಸಲ ಲಕೋಟೆಯ ಮೇಲೆ ‘ಟಕ್‌ಟಕ್‌ಗೆ ಮಾತ್ರ’ ಎಂದು ದೊಡ್ಡದಾಗಿ ಬರೆದಿದ್ದೇನೆ. ನಿನ್ನ ಸಂಪರ್ಕಾಧಿಕಾರಿ ಏನೆಂದು ಕೇಳಿದರೆ, ಎತ್ತರದ ಅಟ್ಟೆಯ ಜೋಡು ಹಾಕಿಕೊಂಡು ಕಲ್ಲುಹಾಸಿನ ಮೇಲೆ ಸದ್ದು ಮಾಡುತ್ತ ಓಡಾಡುತ್ತಿದ್ದ ಹುಡುಗನಿಗೆ ಬೀದಿಯವರು ಇಟ್ಟ ಹೆಸರು ಎಂದು ಹೇಳು. ಹೇಳುವ ಧೈರ್ಯವಿದ್ದರೆ. ಪೇಪರಿನಲ್ಲಿ ಬರುವ ನಿನ್ನ ಫೋಟೊಗಳನ್ನೆಲ್ಲ ನೋಡಿದ್ದೇನೆ. ಒಂದೋ ಮೇಜಿನ ಹಿಂದೆ ಕೂತಿರುತ್ತೀಯ, ಇಲ್ಲವೇ ಸೊಂಟದಿಂದ ಮೇಲಕ್ಕಷ್ಟೇ ಇರುತ್ತೀಯ.

ಶೂ ಹಂಚಿದರು. ಸಂಭ್ರಮವೋ ಸಂಭ್ರಮ. ಒಂದು ಸಣ್ಣ ಸಂಗತಿ ಮಾತ್ರ ಹೇಳುತ್ತೇನೆ.

ನಮ್ಮ ಅಂಗಡಿಯಲ್ಲಿ ಜೋಡಿನ ತಳಕ್ಕೆ ಅಟ್ಟೆ ಹೊಲಿಯುವವನನ್ನು ರೇಡಿಯೊ ಎನ್ನುತ್ತಾರೆ. ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಹಂಚಿದ ದಿನ ಅವನ ಮಗಳು ಶಾಲೆಯಿಂದ ನಿನ್ನ ಶೂ ಹಾಕಿಕೊಂಡು ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಳಗೆ ಬರಲೊಲ್ಲಳು. ರೇಡಿಯೊ ಅವಳಿಗೆಂದೇ ಮಾಡಿಕೊಟ್ಟಿದ್ದ ಜೋಡು ಅವಳ ಚೀಲದಲ್ಲಿತ್ತು.

“ಅಪ್ಪಾ, ನಾನು ಬೇಡ ಅಂದೆ. ಇಸ್ಕೊಳ್ದೆ ಇದ್ರೆ ಬಂದಿರೋ ದೊಡ್ಡೋರಿಗೆ ಬೇಜಾರಾಗುತ್ತೆ ಅಂದ್ರು ಟೀಚರ್. ಫೋಟೊ ತೆಗೆಯೋವಾಗ ಅದನ್ನೇ ಹಾಕ್ಕೋಬೇಕಂತೆ.”

ರೇಡಿಯೊ ಬಗ್ಗಿ ಅವಳ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಕೊನೆಗೆ ಕೇಳಿದ: “ಅಳತೆ ಯಾರು ತಗೊಂಡ್ರು ಮಗಾ?”

“ಯಾರೂ ಇಲ್ಲ. ಎತ್ತರದ ಪ್ರಕಾರ ಸಾಲು ನಿಲ್ಸಿದ್ರು. ಕುಳ್ಳಗಿರೋರಿಗೆ ಸಣ್ಣದು, ಉದ್ದ ಇರೋರಿಗೆ ದೊಡ್ಡದು, ನಡುವೆ ಇರೋರಿಗೆ ನಡುವಿನದು.”

“ಹಾಗಾದ್ರೆ ಟೋಪಿ ಕೊಡ್ಬೇಕಿತ್ತಪ್ಪ” ಎಂದ ರೇಡಿಯೊ. ಯಾರೂ ನಗಲಿಲ್ಲ.

ಮೊದಲ ಜಡಿಮಳೆಗೇ ಆ ಶೂಗಳು ಬಾಯಿ ಬಿಟ್ಟವು. ರೇಡಿಯೊ ಮಗಳ ಶೂವನ್ನು ಚರ್ಮ ಕೊಯ್ಯುವ ರಂಪಿಗೆಯಿಂದ ಸೀಳಿ ನೋಡಿದ. ಅಟ್ಟೆಯ ನಡುವೆ ಇದ್ದದ್ದು ಯಾವುದೋ ಪೆಟ್ಟಿಗೆಯ ರಟ್ಟು. ಅದರ ಮೇಲೆ ‘ನೀರು ತಾಗದಂತೆ ಇಡಿ’ ಎಂದು ಅಚ್ಚಾಗಿತ್ತು.

ಮಕ್ಕಳು ಈಗ ಮತ್ತೆ ಬರಿಗಾಲು. ತಾಯಂದಿರು ಮಾತ್ರ, ಈ ವರ್ಷದ ಶೂ ಬಂದಾಯಿತಲ್ಲ ಎಂದು ನಮ್ಮ ಕಡೆ ಬರಲಿಲ್ಲ. ನಮ್ಮ ಬೀದಿಯಲ್ಲಿ ಇನ್ನೂ ಎರಡು ಬಾಗಿಲು ಮುಚ್ಚಿದವು. ಕೊಟ್ಟವನ ಕೈ ದೊಡ್ಡದಾಯಿತು, ದುಡಿಯುವವರ ಕೈ ಖಾಲಿಯಾಯಿತು.

ಇಂತಿ,
ಕನ್ನಡಕವಿಲ್ಲದೆಯೂ ಎಲ್ಲ ಕಾಣುವ ಅಕ್ಕ


ಜುಲೈ ೧೦

ಅಕ್ಕಾ,

ಆ ಹೆಸರಿನಿಂದ ನನ್ನನ್ನು ಕರೆದು ಎಷ್ಟು ವರ್ಷವಾಯಿತೋ. ಪತ್ರ ತಂದುಕೊಟ್ಟ ಹುಡುಗಿ “ಸಾರ್, ಇದು ಯಾರಿಗೆ?” ಎಂದಾಗ, ನನಗೇ ಎನ್ನಲು ನಾಲಿಗೆ ತಡವರಿಸಿತು.

ಸಂಪರ್ಕಾಧಿಕಾರಿ ಬರೆದದ್ದಕ್ಕೆ ನನ್ನನ್ನು ಬೈಯಬೇಡ. ರಟ್ಟಿನ ವಿಷಯ ವಿಚಾರಿಸುತ್ತೇನೆ. ಆದರೆ ನಿನ್ನ ವಾದವನ್ನು ನಾನು ಒಪ್ಪುವುದಿಲ್ಲ. ಅಪ್ಪನ ಕಾಲದಲ್ಲೂ ಶಾಲೆಯ ಅರ್ಧ ಮಕ್ಕಳು ಬರಿಗಾಲಲ್ಲೇ ಬರುತ್ತಿದ್ದರು. ಅವರು ನಿಮ್ಮ ಕಾಗದದ ಮೇಲೆ ನಿಂತಿದ್ದನ್ನು ನೀನು ಎಂದಾದರೂ ಕಂಡೆಯಾ? ಕೊಳ್ಳಬಲ್ಲವರ ಕಾಲಿಗೆ ಮಾತ್ರ ನಿಮ್ಮ ಪೆನ್ಸಿಲು ಸುತ್ತುತ್ತಿತ್ತು. ನಾನು ಎಲ್ಲರ ಕಾಲಿಗೂ ಹಾಕಿದೆ. ಸಡಿಲವೋ ಬಿಗಿಯೋ, ಹಾಕಿದೆ. ಇನ್ನು ಕೆಲಸದ ಮಾತು. ನಿನ್ನ ಬೀದಿಯಲ್ಲಿ ಬೆರಳೆಣಿಕೆಯ ಜನ. ನನ್ನ ಕಾರ್ಖಾನೆಗಳ ಗೇಟಿನಲ್ಲಿ ಬೆಳಿಗ್ಗೆ ನಿಂತು ನೋಡು, ಒಂದು ಪಟ್ಟಣವೇ ಒಳಗೆ ಹೋಗುತ್ತದೆ. ಅವರೆಲ್ಲರ ಮನೆಯಲ್ಲಿ ಒಲೆ ಉರಿಯುವುದು ನನ್ನಿಂದ. ನಿನ್ನ ರೇಡಿಯೊಗೂ ಕೆಲಸ ಬೇಕಿದ್ದರೆ ಕಳಿಸು.

ಈಗ ನಾಚಿಕೆ ಬಿಟ್ಟು ಇನ್ನೊಂದು ಮಾತು. ಬಲಗಾಲು ಕೈಕೊಟ್ಟಿದೆ. ಮೂರು ದೇಶಗಳ ತಜ್ಞರು ಮಾಡಿಕೊಟ್ಟ ಬೂಟುಗಳಿವೆ, ಒಂದೊಂದೂ ಕಬ್ಬಿಣದ ತೊಟ್ಟಿ. ಮನೆಯೊಳಗೆ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದೇನೆ, ಇದು ಹೊರಗೆ ಯಾರಿಗೂ ಗೊತ್ತಿಲ್ಲ. ಡಿಸೆಂಬರಿನಲ್ಲಿ ‘ಬರಿಗಾಲಿಲ್ಲದ ಊರು’ ಕೆಲಸಕ್ಕಾಗಿ ನನಗೆ ದೊಡ್ಡ ಪುರಸ್ಕಾರವಿದೆ. ಸಭಾಂಗಣದ ಉದ್ದಕ್ಕೂ ನಡೆದು ಮೆಟ್ಟಿಲು ಹತ್ತಬೇಕು. ಅಲ್ಲಿ ಎಲ್ಲರ ಕಣ್ಣೂ ಕ್ಯಾಮೆರಾವೂ ನನ್ನ ಮೇಲಿರುತ್ತವೆ. ಅಪ್ಪನ ಜೋಡಿನಲ್ಲಿ ಮಾತ್ರ ನಾನು ಮನುಷ್ಯರಂತೆ ನಡೆದದ್ದು. ಅಪ್ಪನ ಕೈ ನಿನಗೆ ಬಂದಿದೆ. ಒಂದು ಜೊತೆ ಮಾಡಿಕೊಡು. ಏನು ಬೇಕೋ ಕೇಳು.

ನಿನ್ನ ತಮ್ಮ


ಜುಲೈ ೨೨

ತಮ್ಮಾ,

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂದು ಕೇಳಿದ್ದೆ. ಕಾಲು ಹಿಡಿದರೂ ತೆರೆಯುತ್ತದೆ ಎಂಬುದು ಈಗ ತಿಳಿಯಿತು.

ಬರಿಗಾಲಿನ ಅರ್ಧ ಮಕ್ಕಳ ಮಾತು ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ಅವರ ಅಪ್ಪಂದಿರಿಗೆ ಇವತ್ತಿಗೂ ಜೋಡು ಕೊಳ್ಳುವ ಶಕ್ತಿ ಯಾಕಿಲ್ಲ? ಅವರಲ್ಲಿ ಬಹಳ ಜನ ದುಡಿಯುವುದು ನಿನ್ನಲ್ಲೇ. ಶೂ ಕಾರ್ಖಾನೆಯ ಆಳಿನ ಮಗುವಿಗೆ ಶೂ ದಾನ ಮಾಡಬೇಕಾಗಿ ಬಂದಿದೆಯಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಬಲಗೈಯಲ್ಲಿ ಕೂಲಿ ಕಡಿಯುತ್ತೀಯ, ಎಡಗೈಯಲ್ಲಿ ದಾನ ಹಾಕುತ್ತೀಯ. ಫೋಟೊ ತೆಗೆಸಿಕೊಳ್ಳುವುದು ಎಡಗೈಗೆ ಮಾತ್ರ. ಅಂಗಡಿಯಲ್ಲಿ ಎಲ್ಲರೂ ಹೊಲಿಯುತ್ತಿರುವಾಗ ಪೇಪರು, ಪುಸ್ತಕ ಓದಿ ಹೇಳುವ ಕೆಲಸ ನನ್ನದಾಗಿತ್ತಲ್ಲ, ಆಗ ಓದಿದ್ದೊಂದೂ ನಾನು ಮರೆತಿಲ್ಲ. ಕೊಡುವ ದೊರೆಗಳ ಕಥೆಯಲ್ಲೆಲ್ಲ ಮೊದಲ ಅಧ್ಯಾಯ ಹರಿದಿರುತ್ತದೆ. ಎಲ್ಲಿಂದ ಬಂತು ಎಂಬ ಅಧ್ಯಾಯ.

ನಿನ್ನ ಬಲಗಾಲಿನ ಅಚ್ಚು ಇಲ್ಲೇ ಗೋಡೆಯ ಮೇಲೆ ತೂಗುತ್ತಿದೆ. ಈ ಬೀದಿಯ ಗಿರಾಕಿಗಳ ಮರದ ಅಚ್ಚುಗಳೆಲ್ಲ ಅಂಗಡಿ ಮುಚ್ಚಿದವರ ಒಲೆಗೆ ಹೋದವು. ಒಬ್ಬೊಬ್ಬರ ಪಾದವೂ ಚಟಚಟ ಎಂದು ಉರಿಯಿತು. ನಿನ್ನದೊಂದನ್ನು ಅಪ್ಪ ಸುಡಲು ಬಿಡಲಿಲ್ಲ. “ಅವನು ಬರ್ತಾನೆ. ನನ್ನ ನಮೂನೆಗಳನ್ನೂ ವಾಪಸ್ ತರ್ತಾನೆ” ಎನ್ನುತ್ತಿದ್ದ. ಮಕ್ಕಳ ಜೋಡಿಗಾಗಿ ಅಪ್ಪ ರಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದ ನಮೂನೆಗಳ ಕಟ್ಟನ್ನು ನೀನು ಮನೆ ಬಿಡುವಾಗ ಬಗಲಲ್ಲಿ ಇಟ್ಟುಕೊಂಡು ಹೋದೆಯಲ್ಲ, ಅದರ ಮಾತು. ಸಾಯುವವರೆಗೂ ಅದನ್ನು ಕಳವು ಎನ್ನಲಿಲ್ಲ ಆ ಮನುಷ್ಯ.

ಜೋಡು ಮಾಡಿಕೊಡುತ್ತೇನೆ. ಅಚ್ಚು ನಿನ್ನ ಹರೆಯದ್ದು. ಕಾಲೂ ಮುದಿಯಾಗುತ್ತದೆ, ಹರಡುತ್ತದೆ. ಹೊಸ ಅಳತೆ ತೆಗೆದು, ಅಚ್ಚಿನ ಮೇಲೆ ಚರ್ಮದ ಚೂರು ಕೂಡಿಸಿ ತಿದ್ದಬೇಕು. ನನ್ನ ಷರತ್ತು ಎರಡೇ. ಮುಂದಿನ ವರ್ಷ ಈ ಊರಿನ ಮಕ್ಕಳ ಜೋಡಿನ ಕೆಲಸ ಈ ಬೀದಿಗೆ ಬರಬೇಕು. ಮತ್ತೆ ನೀನು ಖುದ್ದಾಗಿ ಬಂದು, ಎಲ್ಲರಂತೆ ಕಾಗದದ ಮೇಲೆ ಬರಿಗಾಲಲ್ಲಿ ನಿಲ್ಲಬೇಕು.

ಅಂದಹಾಗೆ ರೇಡಿಯೊ ನಿನ್ನ ಕಾರ್ಖಾನೆಗೆ ಹೊರಟ. ನಾನು ತಡೆಯಲಿಲ್ಲ. ಯಾವ ಬಾಯಿಂದ ತಡೆಯಲಿ?

ಅಕ್ಕ


ಆಗಸ್ಟ್ ೯

ಅಕ್ಕಾ,

ಹಠ ಬೇಡ. ನಾನು ಆ ಬೀದಿಗೆ ಬಂದರೆ ಹಿಂದೆಯೇ ಹತ್ತು ಕ್ಯಾಮೆರಾ ಬರುತ್ತವೆ, ಕಾಲಿನ ಗುಟ್ಟು ರಟ್ಟಾಗುತ್ತದೆ. ನನ್ನ ಹಳೆಯ ಬೂಟುಗಳನ್ನು ಒಬ್ಬನ ಕೈಯಲ್ಲಿ ಕಳಿಸಿದ್ದೇನೆ, ಅದರಿಂದ ಅಂದಾಜು ಮಾಡು.

ನಿನಗೊಂದು ಒಳ್ಳೆಯ ದಾರಿ ಯೋಚಿಸಿದ್ದೇನೆ. ಕಾರ್ಖಾನೆಯಲ್ಲಿ ನೋಡಲು ಬರುವವರಿಗಾಗಿ ಗಾಜಿನ ಕೋಣೆಯೊಂದನ್ನು ಕಟ್ಟಿಸಿದ್ದೇವೆ. ಹಳೆಯ ಕಾಲದಲ್ಲಿ ಜೋಡು ಹೇಗೆ ಮಾಡುತ್ತಿದ್ದರು ಎಂದು ನೀನು ಅಲ್ಲಿ ಕೂತು ಮಾಡಿ ತೋರಿಸಬಹುದು. ದಿನಕ್ಕೆ ಒಂದು ಜೊತೆ ಮುಗಿಸಬೇಕೆಂದೂ ಇಲ್ಲ. ಬೀದಿಯ ಉಳಿದವರಿಗೂ ಏನಾದರೂ ಸಹಾಯಧನ ಏರ್ಪಾಡು ಮಾಡುತ್ತೇನೆ. ಇರಲು ಮನೆ, ನೋಡಿಕೊಳ್ಳಲು ಆಳು. ಈ ವಯಸ್ಸಿನಲ್ಲಿ ನಿನಗೆ ಇನ್ನೇನು ಬೇಕು?

ತಮ್ಮ


ಆಗಸ್ಟ್ ೩೦

ಅಕ್ಕೋರೇ,

ನಮಸ್ಕಾರ. ನಾನು ರೇಡಿಯೊ. ಇಲ್ಲಿ ಚೆನ್ನಾಗಿದೀನಿ ಅಂತ ಬರೀಬೇಕು, ಬರ್ದಿದೀನಿ ನೋಡಿ. ಸಂಬಳ ಹೇಳಿದ ದಿನಕ್ಕೆ ಬರುತ್ತೆ, ಅದನ್ನ ಇಲ್ಲ ಅನ್ನಬಾರ್ದು. ಮನೆಗೆ ಕಳ್ಸೋದನ್ನ ಕಳ್ಸಿದ್ಮೇಲೆ ನನ್ನ ಕೈಯಲ್ಲಿ ಉಳಿಯೋದು ಗಾಳಿ, ಆದ್ರೂ ಮಗಳು ಹೊಟ್ಟೆ ತುಂಬ ಉಣ್ತಾಳೆ.

ನನ್ನ ಕೆಲಸ ಏನು ಗೊತ್ತಾ? ಹಿಮ್ಮಡಿ ಬರುತ್ತೆ, ಅಂಟು ಒತ್ತೋ ಮೆಷಿನ್ನಿನ ಹಿಡಿ ಎಳೀತೀನಿ, ಹಿಮ್ಮಡಿ ಹೋಗುತ್ತೆ. ಬೆಳಗಿಂದ ಸಂಜೆ ತನಕ ಅಷ್ಟೇ. ಎಲ್ಲಿಂದ ಬರುತ್ತೋ, ಎಲ್ಲಿಗೆ ಹೋಗುತ್ತೋ. ಬಂದಾಗಿಂದ ಒಂದು ಪೂರ್ತಿ ಶೂ ನೋಡಿಲ್ಲ ಅಂದ್ರೆ ನಂಬ್ತೀರಾ? ಮಾತಾಡೋ ಹಾಗಿಲ್ಲ. ಮೊದಲ ವಾರ ಮಾತಾಡಿದ್ದಕ್ಕೆ ಎರಡು ಸಲ ಸಂಬಳ ಹಿಡ್ದ್ರು. ಈಗ ರೇಡಿಯೊ ಬಂದ್. ಪಕ್ಕದೋನು ನನ್ನ ಮೂಗ ಅಂದ್ಕೊಂಡಿದಾನೆ, ಕೈಸನ್ನೆ ಮಾಡ್ತಾನೆ ಪಾಪ.

ಒಂದು ವಿಷಯ ಹೇಳ್ಲೋ ಬೇಡ್ವೋ ಅಂತಿದ್ದೆ. ಇಲ್ಲಿ ಗಾಜಿನ ಕೋಣೆ ಇದೆ. ಗೋಡೆ ಮೇಲೆ ಚಿನ್ನದ ಬಣ್ಣದ ಚೌಕಟ್ಟಲ್ಲಿ ನಮ್ಮ ಯಜಮಾನ್ರ, ಅಂದ್ರೆ ನಿಮ್ಮ ಅಪ್ಪಾಜಿಯವರ, ರಟ್ಟಿನ ನಮೂನೆಗಳನ್ನ ಹಾಕಿದಾರೆ. ಅವರ ಕೈಯ ಗುರುತು, ಆ ಮೂಲೆ ಮಡಚೋ ಅಭ್ಯಾಸ, ಎಲ್ಲ ನನಗೆ ಗೊತ್ತಾಗಲ್ವಾ? ಕೆಳಗೆ ಬರ್ದಿದಾರೆ: ‘ಸಂಸ್ಥಾಪಕರು ಎಳೆಯ ವಯಸ್ಸಿನಲ್ಲೇ ಸ್ವತಃ ರಚಿಸಿದ ಮೊದಲ ವಿನ್ಯಾಸಗಳು.’

ಅಕ್ಕೋರೇ, ಸಿಟ್ಟು ಮಾಡ್ಕೋಬೇಡಿ. ಮಾಡ್ಕೊಂಡ್ರೂ ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ.

ನಿಮ್ಮ ಅಟ್ಟೆಯವನು


ಸೆಪ್ಟೆಂಬರ್ ೧೫

ತಮ್ಮಾ,

ಇದರೊಂದಿಗೆ ಎಡಗಾಲಿನ ಜೋಡು ಕಳಿಸಿದ್ದೇನೆ. ನಿನ್ನ ಎಡಗಾಲಿಗೆ ದೇವರು ಯಾವ ಕುಚೋದ್ಯವನ್ನೂ ಮಾಡಿಲ್ಲ, ಹಳೆಯ ಬೂಟು ನೋಡಿ ಮಾಡಿದೆ. ಹಾಕಿಕೊಂಡು ನೋಡು. ಸುಖವಾಗಿದೆಯೇ? ಅಪ್ಪನ ಜೋಡಿನಂತೆಯೇ ಇದೆಯೇ? ಒಂದು ಕಾಲಿನ ಸುಖ ಎಂಥದೆಂದು ಕೆಲವು ದಿನ ಅನುಭವಿಸು. ಇನ್ನೊಂದು ಬೇಕೆನಿಸಿದರೆ ನನ್ನ ಎರಡು ಷರತ್ತುಗಳು ನಿನಗೆ ಗೊತ್ತಿವೆ.

ಗಾಜಿನ ಕೋಣೆಗೆ ನಾನು ಬರುವುದಿಲ್ಲ. ನಮ್ಮ ಮನೆಯವರಲ್ಲಿ ಒಬ್ಬರು ಈಗಾಗಲೇ ಅಲ್ಲಿ ಗೋಡೆಗೆ ನೇತುಬಿದ್ದಿದ್ದಾರೆ. ಅದೂ ಬೇರೆಯವರ ಹೆಸರಿನಲ್ಲಿ.

ನೀನು ಕಾರ್ಖಾನೆ ಕಟ್ಟಿದೆ, ಅದಕ್ಕೆ ಹೊಟ್ಟೆಕಿಚ್ಚಿಲ್ಲ. ಅಪ್ಪನ ಕೈ ಕೆಸರಾಯಿತು, ನಿನ್ನ ಬಾಯಿ ಮೊಸರಾಯಿತು. ಅದನ್ನೂ ನುಂಗಿಕೊಂಡಿದ್ದೆ. ಆದರೆ ಆ ಚೌಕಟ್ಟಿನ ಕೆಳಗಿನ ಸಾಲು ಓದಿದ ದಿನದಿಂದ ನನಗೆ ಒಳ್ಳೆಯ ನಿದ್ದೆ ಬರುತ್ತಿದೆ. ಏನು ಮಾಡಬೇಕೆಂದು ಗೊತ್ತಾದವರಿಗೆ ಬರುವಂಥ ನಿದ್ದೆ.

ಅಕ್ಕ


ಅಕ್ಟೋಬರ್ ೧೨

ಅಕ್ಕಾ,

ಗೆದ್ದೆ ನೀನು. ಎಡಗಾಲಿನ ಜೋಡು ಹಾಕಿಕೊಂಡ ದಿನ ಅಪ್ಪನ ಕೈ ಪಾದಕ್ಕೆ ತಾಗಿದಂತಾಯಿತು. ಬಲಗಾಲಿನ ನೋವು ಅದರಿಂದ ಇನ್ನೂ ಹೆಚ್ಚಿತು.

ಮುಂದಿನ ವರ್ಷ ನಿಮ್ಮ ಊರಿನ ಮಕ್ಕಳ ಜೋಡು ಮಾಡುವ ಕೆಲಸ ನಿಮ್ಮ ಬೀದಿಗೇ. ಒಪ್ಪಂದದ ಕಾಗದವನ್ನು ಸಹಿ ಹಾಕಿ ಲಗತ್ತಿಸಿದ್ದೇನೆ. ಚರ್ಮ ಕೊಳ್ಳಲು ಮುಂಗಡವೂ ಬರುತ್ತದೆ. ಚೌಕಟ್ಟಿನ ಬರಹ ಯಾರೋ ಉತ್ಸಾಹಿಗಳು ಬರೆದದ್ದು, ಪುರಸ್ಕಾರ ಮುಗಿದ ಮೇಲೆ ನೋಡೋಣ.

ಬರಲು ಮಾತ್ರ ಆಗುವುದಿಲ್ಲ. ನಿನಗೆ ಬೇಕಾದದ್ದು ಪಾದದ ಗೆರೆ ತಾನೇ? ನಮ್ಮ ಡಾಕ್ಟರು ಬಲಗಾಲನ್ನು ಕಾಗದದ ಮೇಲೆ ಇರಿಸಿ, ಸುತ್ತ ಗೆರೆ ಎಳೆದು ಕೊಟ್ಟಿದ್ದಾರೆ. ನೀನು ಹೇಳಿದ ಹಾಗೆ ನಿಂತೇ ಕೊಟ್ಟಿದ್ದೇನೆ. ದಯವಿಟ್ಟು ಬೇಗ ಮಾಡು.

ತಮ್ಮ


ನವೆಂಬರ್ ೨೦

ತಮ್ಮಾ,

ಬಲಗಾಲಿನ ಜೋಡು ಕಳಿಸಿದ್ದೇನೆ. ನೀನು ಕಳಿಸಿದ ಗೆರೆಗೆ ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡಿಲ್ಲ. ಬೇಕಾದರೆ ಅದೇ ಕಾಗದದ ಮೇಲೆ ಇಟ್ಟು ನೋಡಿಸು. ಚರ್ಮ ಅಪ್ಪ ಎತ್ತಿಟ್ಟಿದ್ದದ್ದು, ಹೊಲಿಗೆ ನನ್ನದು, ಎತ್ತರದ ಅಟ್ಟೆ ರೇಡಿಯೊನದು. ಒಪ್ಪಂದ ಬಂದ ವಾರವೇ ಅವನು ವಾಪಸು ಬಂದ. ಮೂರು ದಿನ ಎಡೆಬಿಡದೆ ಮಾತಾಡಿದ, ಯಾರೂ ತಡೆಯಲಿಲ್ಲ. ಮುಚ್ಚಿದ್ದ ಬಾಗಿಲುಗಳಲ್ಲಿ ಎರಡು ತೆರೆದವು. ಮಕ್ಕಳ ಅಳತೆ ಶುರುವಾಗಿದೆ.

ಜೋಡನ್ನು ಮನೆಯಲ್ಲಿ ಹಾಕಿ ಹಾಕಿ ಹಳೆಯದು ಮಾಡಬೇಡ, ಹೊಳಪು ಹೋಗುತ್ತದೆ. ಸಭೆಯ ದಿನವೇ ಹಾಕು.

ಅಕ್ಕ


ಡಿಸೆಂಬರ್ ೧೪

ನಿನಗೆ ಗೊತ್ತಿತ್ತು.

ಸಭಾಂಗಣದ ಬಾಗಿಲಲ್ಲಿ ಚೆನ್ನಾಗಿತ್ತು. ಕೂತು ಹಾಕಿಕೊಂಡಾಗ ಕೈಗವಸಿನಂತೆ ಹಿಡಿಯಿತು. ಎದ್ದು ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಇಕ್ಕುಳದಲ್ಲಿ ಸಿಕ್ಕಿದ ಹಾಗಾಯಿತು. ಸಭಾಂಗಣದ ನಡುವೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಎರಡೂ ಕಡೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ಮೆಟ್ಟಿಲ ಬಳಿ ಒಂದು ಕಾಲೂ ಎತ್ತಲಾಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಎಲ್ಲರ ಎದುರು, ಜೋಡು ಕಿತ್ತುಹಾಕಿದೆ. ಉಳಿದ ಮೆಟ್ಟಿಲುಗಳನ್ನು ಇಬ್ಬರು ಹಿಡಿದು ಹತ್ತಿಸಿದರು. ನನ್ನ ಹಿಂದೆ ಗೋಡೆಯಗಲದ ಪರದೆಯ ಮೇಲೆ ‘ಬರಿಗಾಲಿಲ್ಲದ ಊರು’ ಎಂದಿತ್ತು. ಅದರ ಕೆಳಗೆ ನಾನು, ಸೊಟ್ಟ ಬರಿಗಾಲಲ್ಲಿ. ಜೀವಮಾನವೆಲ್ಲ ಮುಚ್ಚಿಟ್ಟದ್ದನ್ನು ಮಾರನೆಯ ದಿನ ಎಲ್ಲ ಪೇಪರುಗಳೂ ಮುಖಪುಟದಲ್ಲಿ ಹಾಕಿದವು.

ಒಡಹುಟ್ಟಿದವಳು ಮಾಡುವ ಕೆಲಸವೇ ಇದು? ಒಪ್ಪಂದ ರದ್ದು. ನಿಮ್ಮ ಬೀದಿಗೆ ಇನ್ನು ನನ್ನಿಂದ ಒಂದು ಮೊಳೆಯ ಕೆಲಸವೂ ಸಿಗುವುದಿಲ್ಲ.


ಡಿಸೆಂಬರ್ ೨೨

ತಮ್ಮಾ,

ಹೌದು, ಗೊತ್ತಿತ್ತು.

ನೀನು ಕಳಿಸಿದ ಗೆರೆ ನೋಡಿದ ಕೂಡಲೇ ಗೊತ್ತಾಯಿತು. ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು, ಹಿಮ್ಮಡಿ ಸಪೂರವಾಗಿತ್ತು. ಭಾರ ಹೊರದ ಕಾಲು ಅದು. ಕುರ್ಚಿಯಲ್ಲಿ ಕೂತು ಅಳತೆ ಕೊಟ್ಟು, ನಿಂತೇ ಕೊಟ್ಟೆ ಎಂದು ಬರೆದೆ. ಈ ಅಂಗಡಿಯಲ್ಲಿ ಹುಟ್ಟಿ ಬೆಳೆದವನು ಆ ತಪ್ಪು ಮಾಡಬಾರದಿತ್ತು. ಅಪ್ಪನಾಗಿದ್ದರೆ ನಿನ್ನ ಸುಳ್ಳನ್ನು ತಾನೇ ತಿದ್ದಿ, ಅಚ್ಚಿಗೆ ನಾಲ್ಕು ಚೂರು ಚರ್ಮ ಹೆಚ್ಚು ಕೂಡಿಸುತ್ತಿದ್ದ. ನಾನು ಅಪ್ಪನಲ್ಲ. ನೀನು ಕೊಟ್ಟ ಸುಳ್ಳನ್ನೇ ಹೊಲಿದು ನಿನ್ನ ಕಾಲಿಗೆ ಹಾಕಿದೆ. ಹೊಲಿಗೆ ಗಟ್ಟಿಯಾಗಿತ್ತು ತಾನೇ?

ನಿನಗೆ ಆ ನೋವು ನಾಲ್ಕು ಹೆಜ್ಜೆಯದು. ಜೂನಿನಲ್ಲಿ ಎತ್ತರ ನೋಡಿ ನೀನು ಶೂ ಹಾಕಿಸಿದ ಮಕ್ಕಳು ಮಳೆ ಬರುವವರೆಗೂ ಅದೇ ನೋವಿನಲ್ಲಿ ಶಾಲೆಗೆ ನಡೆದರು. ಅವರ ಫೋಟೊಗಳಲ್ಲಿ ಎಲ್ಲರೂ ನಗುತ್ತಿದ್ದಾರೆ, ನೋಡು. ನಗಬೇಕೆಂದು ಹೇಳಿಕೊಟ್ಟಿದ್ದರು.

ಪೇಪರಿನ ಫೋಟೊ ಇಲ್ಲಿಗೂ ಬಂತು. ಬೀದಿಯ ಹಳಬರು ನಿನ್ನ ಕಾಲನ್ನು ಮುಖಕ್ಕಿಂತ ಮೊದಲು ಗುರುತು ಹಿಡಿದರು. “ಅರೆ, ನಮ್ಮ ಟಕ್‌ಟಕ್!” ನಾನು ನಕ್ಕೆ. ಬಹಳ ವರ್ಷಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟರಲ್ಲಿ ನಿನ್ನ ರದ್ದಿನ ಪತ್ರ ಬಂತು. ರೇಡಿಯೊ ಅದನ್ನು ಓದಿ, ಹೊಲಿಯುತ್ತಿದ್ದ ಪುಟ್ಟ ಜೋಡನ್ನು ಕೆಳಗಿಟ್ಟ.

“ತೀರ್ತಾ ಅಕ್ಕೋರೇ ಸೇಡು? ಕಚ್ಚಿದ್ದು ಅವರ ಕಾಲಿಗೆ, ಗಾಯ ಆಗಿದ್ದು ನನ್ನ ಹೊಟ್ಟೆಗೆ. ನಾನು ಬೇಡ್ಕೊಂಡಿದ್ದೆ ತಾನೇ ನಿಮ್ಮನ್ನ?”

ಅದಕ್ಕೇ ಈ ಪತ್ರ. ಕ್ಷಮೆ ಕೇಳುತ್ತಿದ್ದೇನೆಂದು ತಿಳಿಯಬೇಡ. ವ್ಯಾಪಾರ ಮಾತಾಡುತ್ತಿದ್ದೇನೆ.

ನೀನಿನ್ನು ಗುಟ್ಟು ಕಾಯಬೇಕಾಗಿಲ್ಲ, ಲೋಕಕ್ಕೆಲ್ಲ ಗೊತ್ತಾಯಿತು. ಇನ್ನು ಉಳಿದದ್ದು ನಡೆಯುವುದು ಮಾತ್ರ. ಎಡಗಾಲಿನ ಜೋಡು ಹಾಕಿಕೊಂಡಾಗ ಏನನಿಸಿತು ಎಂದು ನೀನೇ ಬರೆದಿದ್ದೀಯ. ಬಲಗಾಲಿಗೂ ಅಂಥದೇ ಮಾಡಿಕೊಡುತ್ತೇನೆ, ವರ್ಷವರ್ಷವೂ ಸವೆದಂತೆ ಹೊಸದು ಮಾಡಿಕೊಡುತ್ತೇನೆ. ನಾನು ಸತ್ತರೆ ರೇಡಿಯೊ ಮಾಡುತ್ತಾನೆ, ಅಚ್ಚು ತಿದ್ದುವುದನ್ನು ಕಲಿಸುತ್ತಿದ್ದೇನೆ. ಅವನ ಮಾತು ಕೇಳುವ ಶಿಕ್ಷೆ ಆಗ ನಿನ್ನದು. ಪ್ರತಿಯಾಗಿ ವರ್ಷವರ್ಷವೂ ಈ ಊರಿನ ಮಕ್ಕಳ ಜೋಡಿನ ಕೆಲಸ ಈ ಬೀದಿಗೆ. ಕೊಳ್ಳಬಲ್ಲವರ ಮಕ್ಕಳು, ಕೊಳ್ಳಲಾರದವರ ಮಕ್ಕಳು, ಎಲ್ಲರೂ ಕಾಗದದ ಮೇಲೆ ನಿಲ್ಲಲಿ. ಅಷ್ಟರ ಮಟ್ಟಿಗೆ ನಿನ್ನ ಮಾತೂ ಗೆಲ್ಲಲಿ. ನೀನು ನಡೆಯುವಷ್ಟು ದಿನ ನಾವು ಉಣ್ಣುತ್ತೇವೆ. ನಾವು ಉಣ್ಣುವಷ್ಟು ದಿನ ನೀನು ನಡೆಯುತ್ತೀಯ. ಇದರಲ್ಲಿ ದಾನವೂ ಇಲ್ಲ, ಉಪಕಾರವೂ ಇಲ್ಲ.

ಒಪ್ಪಿಗೆಯಿದ್ದರೆ ಬರಬೇಕಾದವನು ನೀನು. ಬರುವಾಗ ಗೋಡೆಯ ಚೌಕಟ್ಟು ಬಿಚ್ಚಿ ಅಪ್ಪನ ನಮೂನೆಗಳನ್ನು ತಾ. ಗಾಜು ನನಗೆ ಬೇಡ.

ಅಕ್ಕ


ಜನವರಿ ೧೯

ಅಕ್ಕಾ,

ತಿಂಗಳು ಪೂರ್ತಿ ನಿನ್ನನ್ನು ಬೈದೆ. ಗಾಲಿಕುರ್ಚಿಯಲ್ಲಿ ಕೂತು ಬೈದೆ, ಅದರಿಂದ ಸೋತೆ.

ಭಾನುವಾರ ಬರುತ್ತೇನೆ. ಒಬ್ಬನೇ. ಕಾಗದಕ್ಕೆ ನೀನು ಹೇಳಿದಂತೆಯೇ ಸಹಿ ಹಾಕಿದ್ದೇನೆ, ನಮೂನೆಗಳ ಕಟ್ಟು ಮಡಿಲಲ್ಲಿದೆ. ಬಿಚ್ಚುವಾಗ ನೋಡಿದೆ, ಪ್ರತಿಯೊಂದರ ಹಿಂದೆಯೂ ಯಾವ ಮಗುವಿನದು ಎಂದು ಅಪ್ಪ ಗುರುತು ಹಾಕಿದ್ದಾನೆ. ಇಷ್ಟು ವರ್ಷ ಅವುಗಳನ್ನು ತಿರುಗಿಸಿ ನೋಡಿರಲಿಲ್ಲ.

ಕಾರು ಬೀದಿಯ ತುದಿಯವರೆಗೆ ಮಾತ್ರ ಬರುತ್ತದಲ್ಲ, ಅಲ್ಲಿಂದ ನಡೆಯಬೇಕು. ಬಂದ ಕೂಡಲೇ ಕೂರಲು ಅಂಗಡಿಯಲ್ಲಿ ಒಂದು ಕುರ್ಚಿ ಇಟ್ಟಿರು.

ತಮ್ಮ


ಜನವರಿ ೨೨

ತಮ್ಮಾ,

ಬಾ. ಕಾಗದ ಹಾಸಿದ್ದೇನೆ, ಪೆನ್ಸಿಲು ಚೂಪು ಮಾಡಿದ್ದೇನೆ. ಬೀದಿಯ ತುದಿಯಿಂದ ನಡೆಯಲಾಗದಿದ್ದರೆ ರೇಡಿಯೊ ಬೆನ್ನ ಮೇಲೆ ಹೊತ್ತು ತರುತ್ತಾನಂತೆ. ನನಗೀಗ ಆಗುವುದಿಲ್ಲ.

ಕುರ್ಚಿ ಇಡುವುದಿಲ್ಲ.

ಅಕ್ಕ